ಸೇಲ್ ಜನವರಿಯಲ್ಲಿ, ಬಿಲ್ ಫೆಬ್ರವರಿಯಲ್ಲಿ

ವರ್ಷಾಂತ್ಯದ ರಜೆ ಮುಗಿಯುತ್ತಿದ್ದ ಹಾಗೆ ಅಂಗಡಿಗಳು ದೊಡ್ಡ ದೊಡ್ಡ ಡಿಸ್ಕೌಂಟ್ ಬೋರ್ಡ್ ತೂಗುಹಾಕುತ್ತವೆ, ಫೋನ್ ತುಂಬ ಆಫರ್ ಮೆಸೇಜ್ ಬಂದು ಬೀಳುತ್ತವೆ. ಅದೇ ಹೊತ್ತಿಗೆ, ಡಿಸೆಂಬರ್‌ನಲ್ಲಿ ನೀವು ಮಾಡಿದ ಖರ್ಚಿನ ಬಿಲ್ ಇನ್ನೂ ದಾರಿಯಲ್ಲಿರುತ್ತದೆ. ಉಡುಗೊರೆ, ಪ್ರಯಾಣ, ಹೋಟೆಲ್, ಪಾರ್ಟಿ, ಹೊಸ ಬಟ್ಟೆ ಎಲ್ಲ ಸೇರಿ ಎಷ್ಟಾಯಿತು ಅಂತ ಕೇಳಿದರೆ ಹೆಚ್ಚಿನವರು ಒಂದು ಅಂದಾಜು ಹೇಳುತ್ತಾರೆ. ಆ ಅಂದಾಜಿನಲ್ಲಿ ದೊಡ್ಡ ಖರ್ಚುಗಳಷ್ಟೇ ಇರುತ್ತವೆ. ಟ್ಯಾಕ್ಸಿ, ಉಡುಗೊರೆ ಸುತ್ತುವ ಕಾಗದ, ಕೊನೇ ಗಳಿಗೆಯಲ್ಲಿ ನೆನಪಾದ ಇನ್ನೊಬ್ಬರಿಗೆ ತಂದ ಸಾಮಾನು, ಇವು ಯಾವುವೂ ಇರುವುದಿಲ್ಲ.

ಜನವರಿ ಸೇಲ್‌ನಲ್ಲಿ ಜನ ಕೈ ಮೀರಿ ಖರ್ಚು ಮಾಡಿದರೆ ಆಸೆಬುರುಕತನ, ಶಿಸ್ತಿಲ್ಲ ಅಂತೆಲ್ಲ ಹೇಳುತ್ತಾರೆ. ಅದು ಅರ್ಧ ನಿಜ. ಉಳಿದರ್ಧ ಬರೀ ತಾರೀಕುಗಳ ವಿಷಯ. ಒಂದು ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಿ, ಅದರ ಸ್ಟೇಟ್‌ಮೆಂಟ್ ಪ್ರತಿ ತಿಂಗಳು 15ಕ್ಕೆ ಬರುತ್ತದೆ ಅಂದುಕೊಳ್ಳೋಣ. ಡಿಸೆಂಬರ್ 18ಕ್ಕೆ ಕೊಂಡ ಉಡುಗೊರೆ, 24ರ ಪ್ರಯಾಣ, 31ರ ರಾತ್ರಿಯ ಊಟ ಎಲ್ಲ ಜನವರಿ 15ರ ಸ್ಟೇಟ್‌ಮೆಂಟ್‌ಗೆ ಸೇರುತ್ತವೆ. ಹಣ ಕಟ್ಟುವ ಕೊನೆಯ ದಿನ ಫೆಬ್ರವರಿ ಮೊದಲ ವಾರ. ಆದರೆ ಎಷ್ಟೋ ಕಡೆ ಸೇಲ್ ಶುರುವಾಗುವುದು ಡಿಸೆಂಬರ್ 26ಕ್ಕೆ, ಕೆಲವು ಕಡೆ ಅದಕ್ಕೂ ಮುಂಚೆ. ಅಂದರೆ ಹಳೆಯ ಖರ್ಚಿನ ಮೊತ್ತ ಕಾಗದದ ಮೇಲೆ ಬರುವ ಮೊದಲೇ ಹೊಸ ಖರ್ಚಿನ ಬಾಗಿಲು ತೆರೆದಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಸರಿಯೇ, ಆದರೆ ಇಲ್ಲಿ ಹಾಸಿಗೆ ಎಷ್ಟುದ್ದ ಇದೆ ಅಂತ ಗೊತ್ತಾಗುವುದೇ ಫೆಬ್ರವರಿಯಲ್ಲಿ.

ಇದರ ಜೊತೆಗೆ ಇನ್ನೊಂದು ಸಣ್ಣ ಸಂಗತಿ. ಡಿಸೆಂಬರ್ ಸಂಬಳವನ್ನು ರಜೆಗೆ ಮುಂಚೆಯೇ ಕೊಡುವ ಕಂಪನಿಗಳು ಎಷ್ಟೋ ಇವೆ. 20ನೇ ತಾರೀಕಿಗೆ ಬಂದ ಸಂಬಳ ಜನವರಿ 31ರವರೆಗೆ ಬರಬೇಕು ಅಂದರೆ ಆರು ವಾರ. ಜನವರಿ ಮುಗಿಯುವುದೇ ಇಲ್ಲ ಅಂತ ಅನ್ನಿಸುವುದು ಸುಮ್ನೆ ಅಲ್ಲ.

ಹಾಗಾಗಿ ಮೊದಲ ಕೆಲಸ ಅಂಗಡಿಯಲ್ಲಿ ಅಲ್ಲ, ಬ್ಯಾಂಕ್ ಆ್ಯಪ್‌ನಲ್ಲಿ. ಕಾರ್ಡ್‌ನ ಪುಟ ತೆರೆದರೆ ಸಾಮಾನ್ಯವಾಗಿ ಎರಡು ಅಂಕಿ ಕಾಣುತ್ತವೆ. ಒಂದು, ಈಗಾಗಲೇ ಬಿಲ್ ಆದ ಮೊತ್ತ. ಇನ್ನೊಂದು, ಖರ್ಚಾಗಿದೆ, ಬಿಲ್ ಆಗಿಲ್ಲ ಅನ್ನುವ ಮೊತ್ತ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ. ಜನವರಿ ಮೊದಲ ವಾರದಲ್ಲಿ ನಿಮಗೆ ಬೇಕಾದದ್ದು ಎರಡನೆಯದು. ಅದಕ್ಕೆ ಕಂತಿನಲ್ಲಿ ಕೊಂಡ ಸಾಮಾನಿನ ಬಾಕಿ ಸೇರಿಸಿ, ಗೆಳೆಯರ ಜೊತೆ ಹೋದ ಪ್ರವಾಸದಲ್ಲಿ ನೀವು ಕೊಡಬೇಕಾದ ಪಾಲು ಸೇರಿಸಿ, ವರ್ಷದ ಮೊದಲ ತಿಂಗಳಲ್ಲೇ ಬರುವ ವಿಮೆ ಕಂತೋ ಫೀಸೋ ಇದ್ದರೆ ಅದನ್ನೂ ಸೇರಿಸಿ. ಬಂದ ಮೊತ್ತವನ್ನು ಮುಂದಿನ ಸಂಬಳದಿಂದ ಕಳೆಯಿರಿ. ಬಾಡಿಗೆ, ದಿನಸಿ, ಓಡಾಟ ಕಳೆಯಿರಿ. ಉಳಿದದ್ದೇ ಸೇಲ್‌ಗೆ ಇರುವ ಹಣ. ಕೆಲವರಿಗೆ ಅದು ಸೊನ್ನೆಗಿಂತ ಕೆಳಗೆ ಬರುತ್ತದೆ. ಅಂಥವರಿಗೆ ಈ ಲೇಖನದ ಉಳಿದ ಭಾಗದಲ್ಲಿ ಬಡ್ಡಿಯ ಲೆಕ್ಕ ಒಂದನ್ನು ಓದಿದರೆ ಸಾಕು.

ಅಂಗಡಿಯವರಿಗೆ ಏನವಸರ?

ಸೇಲ್ ಯಾಕೆ ಇರುತ್ತದೆ ಅಂತ ಗೊತ್ತಾದರೆ ಅದರಲ್ಲಿ ಯಾವುದು ನಿಜವಾದ ಅಗ್ಗ, ಯಾವುದು ನಾಟಕ ಅಂತ ಹೇಳುವುದು ಸುಲಭ. ಚಳಿಗಾಲದ ಕೋಟು, ಸ್ವೆಟರ್, ಬೂಟು, ಅಲಂಕಾರದ ದೀಪ, ಗಿಫ್ಟ್ ಪ್ಯಾಕ್‌ಗಳನ್ನು ಅಂಗಡಿಯವರು ತಿಂಗಳುಗಳ ಮುಂಚೆಯೇ ಆರ್ಡರ್ ಮಾಡಿರುತ್ತಾರೆ. ಎಷ್ಟು ಹೋಗುತ್ತದೆ ಅನ್ನುವುದು ಊಹೆ. ಊಹೆ ತಪ್ಪಿದಷ್ಟು ಮಾಲು ಉಳಿಯುತ್ತದೆ. ಉಳಿದ ಮಾಲು ಕಪಾಟಿನಲ್ಲಿ ಜಾಗ ಹಿಡಿಯುತ್ತದೆ, ಗೋದಾಮಿನಲ್ಲಿ ಬಾಡಿಗೆ ತಿನ್ನುತ್ತದೆ, ಹಾಕಿದ ಬಂಡವಾಳ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಅಷ್ಟರಲ್ಲಿ ವಸಂತಕಾಲದ ಬಟ್ಟೆಗಳು ಬಂದು ನಿಂತಿರುತ್ತವೆ. ಅಮೆರಿಕದ ವಾಲ್‌ಮಾರ್ಟ್, ಟಾರ್ಗೆಟ್ ತರಹದ ದೊಡ್ಡ ಚಿಲ್ಲರೆ ಕಂಪನಿಗಳ ಹಣಕಾಸು ವರ್ಷ ಮುಗಿಯುವುದೇ ಜನವರಿ ಕೊನೆಯ ಹೊತ್ತಿಗೆ. ರಜೆಯ ವ್ಯಾಪಾರ, ಆಮೇಲೆ ವಾಪಸ್ ಬರುವ ಮಾಲು, ಎರಡೂ ಒಂದೇ ವರ್ಷದ ಲೆಕ್ಕದಲ್ಲಿ ಬರಲಿ ಅಂತ. ವರ್ಷದ ಲೆಕ್ಕ ಮುಚ್ಚುವಾಗ ಸ್ಟಾಕ್ ಕಮ್ಮಿ ಇದ್ದಷ್ಟೂ ಅವರಿಗೆ ಒಳ್ಳೆಯದು.

ಇದೇನು ಹೊಸ ಉಪಾಯ ಅಲ್ಲ. 1878ರ ಜನವರಿಯಲ್ಲಿ ಫಿಲಡೆಲ್ಫಿಯಾದ ವ್ಯಾಪಾರಿ ಜಾನ್ ವಾನಮೇಕರ್ ತನ್ನ ದೊಡ್ಡ ಅಂಗಡಿಯಲ್ಲಿ ಹಾಸಿಗೆ ಬಟ್ಟೆಗಳನ್ನು ಇಳಿಸಿದ ಬೆಲೆಗೆ ಮಾರಿದ. ರಜೆ ಮುಗಿದು ಗಿರಾಕಿಗಳಿಲ್ಲದ ತಿಂಗಳು ಅದು, ಜನರನ್ನು ಒಳಗೆ ಕರೆಯಬೇಕಿತ್ತು. ಆ ಕಾಲದಲ್ಲಿ ಹಾಸಿಗೆ ಬಟ್ಟೆ ಅಂದರೆ ಬಿಳಿ ಮಾತ್ರ, ಹಾಗಾಗಿ ಅದಕ್ಕೆ ವೈಟ್ ಸೇಲ್ ಅಂತ ಹೆಸರು ಬಿತ್ತು. ಹಾಸಿಗೆ ಬಟ್ಟೆ, ಟವೆಲ್‌ಗಳಿಗೆ ಜನವರಿಯಲ್ಲಿ ಬೆಲೆ ಇಳಿಸುವ ಪದ್ಧತಿ ಅಮೆರಿಕದಲ್ಲಿ ಈಗಲೂ ಇದೆ.

ಫ್ರಾನ್ಸ್‌ನಲ್ಲಿ ಇದಕ್ಕೊಂದು ಕಾನೂನೇ ಇದೆ. ವರ್ಷಕ್ಕೆ ಎರಡು ಸಲ, ಚಳಿಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ, ಅಧಿಕೃತ ಸೇಲ್. 2020ರಿಂದ ಒಂದೊಂದೂ ನಾಲ್ಕು ವಾರ. ಸಾಮಾನ್ಯ ದಿನಗಳಲ್ಲಿ ನಷ್ಟಕ್ಕೆ ಮಾರುವಂತಿಲ್ಲ, ಈ ಅವಧಿಯಲ್ಲಿ ಮಾರಬಹುದು. ಆದರೆ ಆ ಮಾಲು ಸೇಲ್ ಶುರುವಾಗುವ ಒಂದು ತಿಂಗಳಾದರೂ ಮುಂಚೆ ಅಂಗಡಿಯಲ್ಲಿ ಮಾರಾಟಕ್ಕಿದ್ದಿರಬೇಕು, ಅದಕ್ಕೆ ವ್ಯಾಪಾರಿ ಹಣವನ್ನೂ ಕೊಟ್ಟಿರಬೇಕು. ಈ ಕೊನೆಯ ಷರತ್ತನ್ನು ಸ್ವಲ್ಪ ಗಮನಿಸಿ. ಸೇಲ್‌ಗೆ ಅಂತಲೇ ಅಗ್ಗದ ಮಾಲು ತರಿಸಿ, ಅದಕ್ಕೊಂದು ದೊಡ್ಡ ಹಳೇ ಬೆಲೆ ಅಂಟಿಸಿ, ಅರ್ಧಕ್ಕೆ ಮಾರುವ ಆಟಕ್ಕೆ ತಡೆ ಅದು. ಇಂಥ ನಿಯಮ ಇಲ್ಲದ ಕಡೆ ಆ ಆಟ ನಡೆಯುತ್ತದೆ. ಔಟ್‌ಲೆಟ್ ಅಂಗಡಿಗಳಿಗೆಂದೇ ಬೇರೆ, ಕಮ್ಮಿ ದರ್ಜೆಯ ಬಟ್ಟೆ ಹೊಲಿಸುವ ಬ್ರ್ಯಾಂಡ್‌ಗಳೂ ಇವೆ. ಅದು ಮೋಸ ಅಂತಲ್ಲ, ಆದರೆ ನೀವು ದೊಡ್ಡ ಅಂಗಡಿಯಲ್ಲಿ ನೋಡಿದ್ದ ಅದೇ ಅಂಗಿ ಅದಲ್ಲ.

ಹೊಡೆದುಹಾಕಿದ ಬೆಲೆ

ಬೆಲೆಪಟ್ಟಿಯಲ್ಲಿ ಗೆರೆ ಎಳೆದು ಹೊಡೆದುಹಾಕಿದ ಒಂದು ಅಂಕಿ, ಅದರ ಕೆಳಗೆ ಕೆಂಪಿನಲ್ಲಿ ಇನ್ನೊಂದು. ಕಣ್ಣು ಮೊದಲು ಹೋಗುವುದು ಹೊಡೆದುಹಾಕಿದ್ದರ ಮೇಲೆ. ಅದು ಬೇಕೆಂದೇ ಹಾಕಿದ್ದು.

1974ರಲ್ಲಿ ಏಮಸ್ ಟ್ವೆರ್ಸ್ಕಿ, ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಬಗ್ಗೆ ಬರೆದರು. ಅಂಕಿಗಳಿರುವ ಒಂದು ಚಕ್ರ ತಿರುಗಿಸುವುದು, ಆಮೇಲೆ ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಶೇಕಡಾ ಎಷ್ಟು ಆಫ್ರಿಕಾದವು ಅಂತ ಕೇಳುವುದು. ಚಕ್ರ 10ಕ್ಕೆ ನಿಂತಾಗ ಜನ ಹೇಳಿದ ಉತ್ತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವೆ ಬರುವ ಅಂಕಿ 25. 65ಕ್ಕೆ ನಿಂತಾಗ 45. ಚಕ್ರಕ್ಕೂ ಪ್ರಶ್ನೆಗೂ ಏನೂ ಸಂಬಂಧ ಇಲ್ಲ ಅಂತ ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಆದರೂ ಮೊದಲು ಕಂಡ ಅಂಕಿ ಉತ್ತರವನ್ನು ತನ್ನ ಕಡೆ ಎಳೆದುಕೊಂಡಿತು. ಹೊಡೆದುಹಾಕಿದ ಬೆಲೆ ಮಾಡುವುದೂ ಇದನ್ನೇ. 4000 ಹೊಡೆದು 2000 ಬರೆದರೆ 2000 ಕಮ್ಮಿ ಅನ್ನಿಸುತ್ತದೆ. ಬರೀ 2000 ಬರೆದಿದ್ದರೆ ಅದೇ ಸಾಮಾನಿಗೆ ಇಷ್ಟೊಂದಾ ಅಂತ ಕೇಳುತ್ತಿದ್ದೆವು.

ಇದರ ಮೇಲೆ ಇನ್ನೊಂದು ಪದರ ಇದೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, 2017ರಲ್ಲಿ ನೊಬೆಲ್ ಬಂತಲ್ಲ ಅವರು, 1985ರಲ್ಲೇ ಹೇಳಿದ್ದರು: ಒಂದು ಸಾಮಾನು ಕೊಂಡಾಗ ನಮಗೆ ಎರಡು ಬೇರೆ ಬೇರೆ ಸುಖ ಸಿಗುತ್ತವೆ. ಒಂದು, ಆ ಸಾಮಾನಿನಿಂದ ಸಿಗುವ ಉಪಯೋಗ. ಇನ್ನೊಂದು, ಒಳ್ಳೆ ವ್ಯಾಪಾರ ಮಾಡಿದೆ ಅನ್ನುವ ಖುಷಿ. ಎರಡನೆಯದಕ್ಕೂ ಸಾಮಾನಿಗೂ ಸಂಬಂಧವೇ ಬೇಕಿಲ್ಲ. ಬೆಲೆಪಟ್ಟಿಯನ್ನೂ ಕೀಳದ ಬಟ್ಟೆ ಎಷ್ಟೋ ಮನೆಗಳ ಕಪಾಟಿನಲ್ಲಿ ಇರುವುದು ಈ ಕಾರಣಕ್ಕೆ. ಆ ಖುಷಿ ಅಂಗಡಿಯ ಬಾಗಿಲು ದಾಟುವಾಗಲೇ ಮುಗಿದಿರುತ್ತದೆ, ಅಲ್ವಾ?

ಈ ಖುಷಿ ಎಷ್ಟು ಬಲವಾದದ್ದು ಅಂತ ತಿಳಿಯಬೇಕಾದರೆ ಅಮೆರಿಕದ ತುಂಬ ದೊಡ್ಡ ಅಂಗಡಿಗಳಿರುವ ಜೆ.ಸಿ. ಪೆನ್ನಿ ಕಂಪನಿಯ ಕಥೆ ನೋಡಬೇಕು. 2012ರ ಫೆಬ್ರವರಿಯಲ್ಲಿ ಅದರ ಮುಖ್ಯಸ್ಥರಾಗಿದ್ದ ರಾನ್ ಜಾನ್ಸನ್ ಕೂಪನ್, ಮೇಲಿಂದ ಮೇಲೆ ನಡೆಯುವ ಸೇಲ್ ಎಲ್ಲವನ್ನೂ ತೆಗೆದುಹಾಕಿ, ವರ್ಷವಿಡೀ ಒಂದೇ ಕಮ್ಮಿ ಬೆಲೆ ಇಟ್ಟರು. ಮೊದಲು ಬೆಲೆ ಏರಿಸಿ ಆಮೇಲೆ ಇಳಿಸುವ ನಾಟಕ ಬೇಡ ಅಂತ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಗಿರಾಕಿಗಳು ಬರುವುದನ್ನೇ ಬಿಟ್ಟರು. ಆ ವರ್ಷ ಕಂಪನಿಯ ವ್ಯಾಪಾರ ಸುಮಾರು ಕಾಲು ಭಾಗ ಬಿದ್ದುಹೋಯಿತು. 2013ರ ಏಪ್ರಿಲ್‌ನಲ್ಲಿ ಜಾನ್ಸನ್ ಹೊರಗೆ, ಕೂಪನ್‌ಗಳು ಮತ್ತೆ ಒಳಗೆ. ಬೇರೆ ಕಾರಣಗಳೂ ಇದ್ದವು, ಅಂಗಡಿಗಳ ಒಳಾಂಗಣವನ್ನೆಲ್ಲ ಏಕಾಏಕಿ ಬದಲಿಸಲು ಹೊರಟಿದ್ದರು. ಆದರೂ ನನಗೆ ಅನ್ನಿಸುವುದು, ನಾವು ಬೇಡುತ್ತಿರುವುದು ಕಮ್ಮಿ ಬೆಲೆಯನ್ನಲ್ಲ, ಕಮ್ಮಿ ಮಾಡಿಸಿಕೊಂಡೆವು ಅನ್ನುವ ಸಮಾಧಾನವನ್ನು. ವ್ಯಾಪಾರಿಗಳಿಗೆ ಅದು ಚೆನ್ನಾಗಿ ಗೊತ್ತು.

ಹಳೇ ಬೆಲೆ ನಿಜವೇ ಅಂತ ಪರೀಕ್ಷಿಸುವುದು ಈಗ ಅಷ್ಟು ಕಷ್ಟ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ ಒಂದು ನಿಯಮ ಜಾರಿಯಲ್ಲಿದೆ. ಬೆಲೆ ಇಳಿಸಿದ್ದೇವೆ ಅಂತ ಹೇಳುವ ಅಂಗಡಿ, ಅದಕ್ಕೂ ಹಿಂದಿನ ಕನಿಷ್ಠ 30 ದಿನಗಳಲ್ಲಿ ಆ ಸಾಮಾನಿಗೆ ಇದ್ದ ಅತಿ ಕಮ್ಮಿ ಬೆಲೆಯನ್ನೇ ಹಳೇ ಬೆಲೆಯಾಗಿ ತೋರಿಸಬೇಕು. ಅಂದರೆ ಜನವರಿ ಮೊದಲ ವಾರದ ಸೇಲ್‌ಗೆ ಹೋಲಿಕೆ ಡಿಸೆಂಬರ್‌ನ ಅತಿ ಕಮ್ಮಿ ಬೆಲೆಯ ಜೊತೆ. ಬೇರೆ ದೇಶಗಳಲ್ಲಿರುವವರು ಈ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. ಅಮೆಜಾನ್‌ನಲ್ಲಿ ಇರುವ ಸಾಮಾನುಗಳ ಬೆಲೆ ತಿಂಗಳುಗಟ್ಟಲೆ ಹೇಗೆ ಏರಿಳಿದಿದೆ ಅಂತ ಕೀಪಾ, ಕ್ಯಾಮೆಲ್‌ಕ್ಯಾಮೆಲ್‌ಕ್ಯಾಮೆಲ್ ಎಂಬ ತಾಣಗಳು ಗೆರೆ ಎಳೆದು ತೋರಿಸುತ್ತವೆ. ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಸೇಲ್ ದಿನ ಇದ್ದ ಬೆಲೆಯೇ ಜನವರಿಯಲ್ಲಿ ಮತ್ತೆ ಮಹಾ ಇಳಿಕೆ ಅಂತ ಬಂದಿದೆಯಾ ಅಂತ ಒಮ್ಮೆ ನೋಡಿ. ಇದಕ್ಕೆ ಎರಡು ನಿಮಿಷ ಸಾಕು.

ಶೇಕಡಾವಾರು ಲೆಕ್ಕದ ಚಮತ್ಕಾರಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. 50% ಇಳಿಕೆಯ ಮೇಲೆ ಇನ್ನೂ 20% ಅಂದರೆ 70% ಅಲ್ಲ, 60%. ಯಾಕೆಂದರೆ ಆ 20% ಸಿಗುವುದು ಉಳಿದ ಅರ್ಧದ ಮೇಲೆ ಮಾತ್ರ. ಒಂದು ಕೊಂಡರೆ ಎರಡನೆಯದು ಅರ್ಧ ಬೆಲೆಗೆ ಅಂದರೆ ಒಟ್ಟಿನ ಮೇಲೆ 25%. ಎರಡು ಕೊಂಡರೆ ಒಂದು ಉಚಿತ ಅಂದರೆ 33%, ಅದೂ ನಿಮಗೆ ಮೂರೂ ಬೇಕಿದ್ದರೆ. ಒಂದೇ ಸಾಕು ಅನ್ನುವವರಿಗೆ ಇದು ರಿಯಾಯಿತಿ ಅಲ್ಲ, ದುಪ್ಪಟ್ಟು ಖರ್ಚು. ಉಚಿತ ಡೆಲಿವರಿಗೆ ಇನ್ನು 300 ಸೇರಿಸಿ ಅಂತ ಬಂದಾಗ ಡೆಲಿವರಿ ಶುಲ್ಕ ಎಷ್ಟು ಅಂತ ನೋಡಿ. 50 ಉಳಿಸಲು 300 ಕೊಡುವವರು ಬೇಕಾದಷ್ಟು ಜನ.

ಹಾಗಾದರೆ ಏನು ಕೊಳ್ಳಬಹುದು?

ಜನವರಿ ಸೇಲ್ ಪೂರ್ತಿ ಸುಳ್ಳು ಅನ್ನುವವರ ಜೊತೆ ನಾನಿಲ್ಲ. ಅಂಗಡಿಯವರಿಗೆ ನಿಜವಾಗಿ ಸಾಗಹಾಕಬೇಕಾದ ಮಾಲು ಯಾವುದೋ ಅದು ನಿಜವಾಗಿ ಅಗ್ಗ. ಉತ್ತರ ಗೋಳಾರ್ಧದಲ್ಲಿ ಚಳಿಗಾಲದ ಬಟ್ಟೆ, ಬೂಟು ಆ ಪಟ್ಟಿಯಲ್ಲಿ ಮೊದಲು ಬರುತ್ತವೆ. ಜನವರಿಯಲ್ಲಿ ಕೊಂಡ ಕೋಟನ್ನು ಇನ್ನೂ ಒಂದೂವರೆ ಎರಡು ತಿಂಗಳು ಹಾಕಿಕೊಳ್ಳಬಹುದು, ಮುಂದಿನ ವರ್ಷಕ್ಕೂ ಆಗುತ್ತದೆ. ತಡ ಮಾಡಿದಷ್ಟೂ ಬೆಲೆ ಇನ್ನೂ ಇಳಿಯುತ್ತದೆ, ಆದರೆ ಸಾಮಾನ್ಯ ಅಳತೆಯವು ಮೊದಲೇ ಖಾಲಿಯಾಗಿ ತೀರಾ ಚಿಕ್ಕದು, ತೀರಾ ದೊಡ್ಡದು ಮಾತ್ರ ಉಳಿದಿರುತ್ತವೆ. ಸ್ವಲ್ಪ ಬಿಗಿ, ತೂಕ ಇಳಿಸಿದ ಮೇಲೆ ಆಗುತ್ತದೆ ಅನ್ನುವ ಲೆಕ್ಕದಲ್ಲಿ ಬಟ್ಟೆ ಕೊಳ್ಳಬೇಡಿ. ಮಕ್ಕಳ ಬಟ್ಟೆಯನ್ನು ಮುಂದಿನ ವರ್ಷಕ್ಕೆ ಅಂತ ಕೊಳ್ಳುವುದಾದರೂ ಅಷ್ಟೇ, ಮಗು ಎಷ್ಟು ಬೆಳೆಯುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ.

ಅಲಂಕಾರದ ದೀಪ, ಉಡುಗೊರೆ ಕಾಗದ, ಗ್ರೀಟಿಂಗ್ ಕಾರ್ಡ್ ಇವಕ್ಕೆಲ್ಲ ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ. ಹನ್ನೊಂದು ತಿಂಗಳು ಇಡಲು ಜಾಗ ಇದ್ದರೆ, ಮತ್ತು ಇಟ್ಟದ್ದು ಎಲ್ಲಿ ಅಂತ ಡಿಸೆಂಬರ್‌ನಲ್ಲಿ ನೆನಪಿದ್ದರೆ. ಜನವರಿ ಮಧ್ಯದಲ್ಲಿ ಡೈರಿ, ಕ್ಯಾಲೆಂಡರ್ ಅರ್ಧ ಬೆಲೆಗೆ ಸಿಗುತ್ತವೆ. ಎರಡು ವಾರದ ಹಾಳೆ ವ್ಯರ್ಥವಾದರೂ ಒಳ್ಳೆ ವ್ಯಾಪಾರವೇ.

ಟಿವಿ ವಿಷಯ ಬೇರೆ. ಪ್ರತಿ ವರ್ಷ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಹೊಸ ಮಾಡೆಲ್‌ಗಳನ್ನು ತೋರಿಸುತ್ತಾರೆ. ಅವು ಅಂಗಡಿಗೆ ಬರುವುದು ಸಾಮಾನ್ಯವಾಗಿ ಕೆಲವು ತಿಂಗಳ ಮೇಲೆ. ಅಷ್ಟರೊಳಗೆ ಹಿಂದಿನ ವರ್ಷದ ಟಿವಿಗಳನ್ನು ಖಾಲಿ ಮಾಡಬೇಕು. ಹಾಗಾಗಿ ಜನವರಿಯಲ್ಲಿ ಸಿಗದ ಬೆಲೆ ಮಾರ್ಚ್‌ನಲ್ಲಿ ಸಿಕ್ಕೀತು. ಇಲ್ಲಿ ಅವಸರ ಇರುವುದು ಅಂಗಡಿಯವರಿಗೆ, ನಿಮಗಲ್ಲ.

ವ್ಯಾಯಾಮದ ಸಾಮಾನು, ಜಿಮ್ ಸದಸ್ಯತ್ವಕ್ಕೆ ಜನವರಿ ಹೇಳಿಮಾಡಿಸಿದ ತಿಂಗಳು, ಮಾರುವವರಿಗೆ. ಹೊಸ ವರ್ಷದ ಸಂಕಲ್ಪ ಮಾಡಿದವರೆಲ್ಲ ಆಗಲೇ ಬರುತ್ತಾರೆ. ಸ್ಟೆಫಾನೊ ಡೆಲ್ಲಾವಿನ್ಯಾ, ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಜಿಮ್‌ಗಳ ಲೆಕ್ಕಪತ್ರ ಹಿಡಿದು ಕೂತರು. 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ, ತಿಂಗಳಿಗೆ 70 ಡಾಲರ್‌ಗೂ ಜಾಸ್ತಿ ಕಟ್ಟುತ್ತಿದ್ದವರು ಬರುತ್ತಿದ್ದದ್ದು ತಿಂಗಳಿಗೆ ನಾಲ್ಕು ಚಿಲ್ಲರೆ ಸಲ. ಒಂದು ಸಲದ ಖರ್ಚು 17 ಡಾಲರ್ ದಾಟುತ್ತಿತ್ತು. ಅದೇ ಜಿಮ್‌ನಲ್ಲಿ ಹತ್ತು ಸಲದ ಪಾಸ್ ತೆಗೆದುಕೊಂಡಿದ್ದರೆ ಸಲಕ್ಕೆ 10 ಡಾಲರ್ ಆಗುತ್ತಿತ್ತು. ಹಾಗಾಗಿ ವರ್ಷದ ಸದಸ್ಯತ್ವಕ್ಕೆ ಅರ್ಧ ಬೆಲೆ ಅಂತ ಬೋರ್ಡ್ ಕಂಡರೆ ಮೊದಲು ಒಂದೊಂದೇ ದಿನದ ಹಣ ಕೊಟ್ಟು ಹೋಗಿ. ಮಾರ್ಚ್‌ವರೆಗೂ ಹೋಗುತ್ತಿದ್ದರೆ ಆಗ ಸದಸ್ಯರಾಗಬಹುದು.

ಉಡುಗೊರೆಯಾಗಿ ಬಂದ ಫೋನ್, ಟ್ಯಾಬ್ಲೆಟ್ ಜೊತೆಗೆ ಮೂರು ತಿಂಗಳ ಉಚಿತ ಸಬ್‌ಸ್ಕ್ರಿಪ್ಷನ್ ಬಂದಿದ್ದರೆ ಅದನ್ನೂ ನೋಡಿಕೊಳ್ಳಿ. ಉಚಿತ ಮುಗಿದ ದಿನದಿಂದ ಕಾರ್ಡ್‌ನಿಂದ ತಾನಾಗಿ ಹಣ ಹೋಗಲು ಶುರುವಾಗುತ್ತದೆ. ಕೆಲವು ಸೇವೆಗಳಲ್ಲಿ ಇವತ್ತೇ ರದ್ದು ಮಾಡಿದರೂ ಉಚಿತ ಅವಧಿ ಪೂರ್ತಿ ಸಿಗುತ್ತದೆ, ಕೆಲವದರಲ್ಲಿ ಅಲ್ಲಿಗೇ ನಿಲ್ಲುತ್ತದೆ. ರದ್ದು ಮಾಡುವ ಪುಟದಲ್ಲೇ ಅದನ್ನು ಬರೆದಿರುತ್ತಾರೆ.

ವಾಪಸ್ ಕೊಡುವುದು, ಗಿಫ್ಟ್ ಕಾರ್ಡ್

1993ರಲ್ಲಿ ಜೋಯಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞ ಒಂದು ಚೂಪು ಪ್ರಶ್ನೆ ಕೇಳಿದ. ನಿಮಗೆ ಬಂದ ಉಡುಗೊರೆಗೆ ನೀವೇ ಆದರೆ ಎಷ್ಟು ಕೊಡುತ್ತಿದ್ದಿರಿ? ಕೊಟ್ಟವರು ಖರ್ಚು ಮಾಡಿದ್ದಕ್ಕಿಂತ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕಮ್ಮಿ ಅಂತ ಉತ್ತರ ಬಂತು. ಜನವರಿಯಲ್ಲಿ ರಿಟರ್ನ್ ಕೌಂಟರ್ ಮುಂದೆ ಸಾಲು ನಿಲ್ಲುವುದು ಇದೇ ಅಂತರಕ್ಕೆ. ಕೆಲವು ಅಂಗಡಿಗಳು ಡಿಸೆಂಬರ್‌ನಲ್ಲಿ ಮಾರಿದ್ದಕ್ಕೆ ವಾಪಸ್ ಅವಧಿಯನ್ನು ಜನವರಿವರೆಗೆ ಹಿಗ್ಗಿಸುತ್ತವೆ. ಆ ಕೊನೆಯ ದಿನ ದಾಟಿತೋ, ಬೇಡದ ಸಾಮಾನು ನಿಮ್ಮದೇ. ಹಾಗಾಗಿ ಸೇಲ್‌ಗೆ ಹೋಗುವ ಮುಂಚೆ ಮನೆಯಲ್ಲಿರುವ ಬೇಡದ್ದನ್ನು ವಾಪಸ್ ಕೊಟ್ಟು ಬನ್ನಿ. ಬಂದ ಹಣವನ್ನು ಕಾರ್ಡ್‌ನ ಬಾಕಿಗೆ ಹಾಕಿ. ಬಿಟ್ಟಿ ಬಂತು ಅನ್ನುವ ಭಾವನೆಯಲ್ಲಿ ಅದನ್ನು ಅಲ್ಲೇ ಪಕ್ಕದ ಕಪಾಟಿಗೆ ಸುರಿಯುವುದು ತುಂಬಾ ಸುಲಭ. ಅಂಗಡಿಯವರು ನಗದಿನ ಬದಲು ಸ್ಟೋರ್ ಕ್ರೆಡಿಟ್, ಅಂದರೆ ಅದೇ ಅಂಗಡಿಯಲ್ಲಿ ಮಾತ್ರ ನಡೆಯುವ ಜಮೆ, ಕೊಡಲು ಇಷ್ಟಪಡುವುದೂ ಅದಕ್ಕೇ.

ಸೇಲ್‌ನಲ್ಲಿ ಕೊಂಡದ್ದಕ್ಕೆ ಬೇರೆ ನಿಯಮ ಇರಬಹುದು. ಫೈನಲ್ ಸೇಲ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ವಾಪಸ್ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡದ್ದನ್ನು, ಕೆಲವು ವಿನಾಯಿತಿ ಬಿಟ್ಟರೆ, 14 ದಿನದೊಳಗೆ ಕಾರಣ ಕೊಡದೆ ಹಿಂತಿರುಗಿಸಬಹುದು, ಸೇಲ್ ಆದರೂ ಸರಿ. ಅದೇ ಸಾಮಾನನ್ನು ಅಂಗಡಿಗೆ ಹೋಗಿ ಕೊಂಡರೆ ಆ ಹಕ್ಕು ಇಲ್ಲ, ಅಂಗಡಿಯ ನಿಯಮವೇ ನಿಯಮ. ಸಾಮಾನು ಕೆಟ್ಟಿದ್ದರೆ ಮಾತ್ರ ಬೇರೆ ಹಕ್ಕುಗಳಿವೆ. ನಿಮ್ಮ ದೇಶದಲ್ಲಿ ಏನಿದೆ ಅಂತ ರಸೀದಿಯ ಹಿಂಬದಿಯನ್ನು ಕೊಳ್ಳುವ ಮುಂಚೆ ಓದಿದರೆ ಒಳ್ಳೆಯದು.

ಗಿಫ್ಟ್ ಕಾರ್ಡ್ ಬಂದಿದ್ದರೆ ಅದನ್ನು ತುಂಬಾ ದಿನ ಇಟ್ಟುಕೊಳ್ಳಬೇಡಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅದರಲ್ಲಿರುವ ಹಣ ಕನಿಷ್ಠ ಐದು ವರ್ಷ ಉಳಿಯಬೇಕು, ಬೇರೆ ದೇಶಗಳಲ್ಲಿ ಬೇರೆ ಬೇರೆ. ಆದರೆ ನಿಜವಾದ ಭಯ ಅವಧಿಯದ್ದಲ್ಲ. ಆ ಕಂಪನಿ ದಿವಾಳಿಯಾದರೆ ಗಿಫ್ಟ್ ಕಾರ್ಡ್ ಹಿಡಿದವರು ಆ ಕಂಪನಿಯಿಂದ ಹಣ ಬರಬೇಕಾದವರ ಸಾಲಿನಲ್ಲಿ ಸಾಮಾನ್ಯವಾಗಿ ಹಿಂದೆ ನಿಲ್ಲಬೇಕಾಗುತ್ತದೆ. ಬೇಗ ಬಳಸಿ, ಆದರೆ ಹೇಗೂ ಕೊಳ್ಳಬೇಕಿದ್ದ ಸಾಮಾನಿಗೆ ಬಳಸಿ. 1000ದ ಕಾರ್ಡ್ ಹಿಡಿದು ಹೋಗಿ 2500ರ ಸಾಮಾನು ತಂದರೆ ನಿಮ್ಮ ಕೈಯಿಂದ ಅಂಗಡಿಗೆ ಹೋಗುವುದು 1500.

ಬಡ್ಡಿಯ ಲೆಕ್ಕ

ಮೊದಲೇ ಹೇಳಿದ ಹಾಗೆ ಇದೊಂದನ್ನು ನಿಧಾನವಾಗಿ ನೋಡೋಣ. ಕಾರ್ಡ್‌ನಲ್ಲಿ 10,000 ಬಾಕಿ ಇದೆ, ಯಾವ ದೇಶದ ಹಣವಾದರೂ ಸರಿ. ಬಡ್ಡಿ ತಿಂಗಳಿಗೆ 3%. ಮಿನಿಮಮ್ ಡ್ಯೂ, ಅಂದರೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಬಾಕಿಯ 5%. ಮೊದಲ ತಿಂಗಳು 300 ಬಡ್ಡಿ ಸೇರಿ 10,300 ಆಗುತ್ತದೆ. ಅದರ 5% ಅಂದರೆ 515 ಕಟ್ಟುತ್ತೀರಿ. ಬಾಕಿ 9,785. ಕಟ್ಟಿದ್ದು 515, ಇಳಿದದ್ದು 215. ಹೊಸದಾಗಿ ಏನೂ ಕೊಳ್ಳದೆ, ಒಂದು ತಿಂಗಳೂ ತಪ್ಪದೆ ಹೀಗೇ ವರ್ಷಪೂರ್ತಿ ಕಟ್ಟಿದರೆ ಒಟ್ಟು ಸುಮಾರು 5,500 ಕಟ್ಟಿರುತ್ತೀರಿ. ವರ್ಷದ ಕೊನೆಗೆ ಬಾಕಿ ಸುಮಾರು 7,700. ಅಷ್ಟರಲ್ಲಿ ಮುಂದಿನ ಡಿಸೆಂಬರ್ ಬಂದಿರುತ್ತದೆ.

ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವ ಇನ್ನೊಂದು ವಿಷಯ ಇದೆ. ಕಾರ್ಡ್‌ನಲ್ಲಿ ಕೊಂಡದ್ದಕ್ಕೆ ಕೆಲವು ವಾರ ಬಡ್ಡಿ ಇರುವುದಿಲ್ಲ ಅಂತ ನಾವು ನಂಬಿರುತ್ತೇವೆ. ಹೆಚ್ಚಿನ ಕಾರ್ಡ್‌ಗಳಲ್ಲಿ ಆ ಸೌಲಭ್ಯ ಸಿಗುವುದು ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ. ಡಿಸೆಂಬರ್ ಬಾಕಿಯಲ್ಲಿ ಸ್ವಲ್ಪ ಉಳಿಸಿಕೊಂಡರೆ, ಆಮೇಲೆ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಬೀಳಬಹುದು. ಆಗ ಸೇಲ್‌ನ ಅಂಕಿಯೇ ಬದಲಾಗುತ್ತದೆ. 1000ದ ಸಾಮಾನು 10% ಕಳೆದು 900ಕ್ಕೆ ಸಿಕ್ಕಿತು ಅಂದುಕೊಳ್ಳಿ. ತಿಂಗಳಿಗೆ 3% ಬಡ್ಡಿಯಲ್ಲಿ ಅದನ್ನು ನಾಲ್ಕು ತಿಂಗಳು ಹಾಗೇ ಬಿಟ್ಟರೆ 1,013 ಆಗುತ್ತದೆ. ಡಿಸ್ಕೌಂಟ್ ಇಲ್ಲದೆ ಮೇ ತಿಂಗಳಲ್ಲಿ ನಗದು ಕೊಟ್ಟು ಕೊಂಡಿದ್ದರೆ ಇನ್ನೂ ಅಗ್ಗ.

ಈಗ ಕೊಳ್ಳಿ, ಆಮೇಲೆ ಕಟ್ಟಿ ಅನ್ನುವ ಆ್ಯಪ್‌ಗಳದ್ದು ಇನ್ನೊಂದು ಬಗೆ. ಸಾಮಾನ್ಯವಾಗಿ ನಾಲ್ಕು ಕಂತು, ಆರು ವಾರ, ಬಡ್ಡಿ ಇಲ್ಲ. ಒಂದೇ ಇದ್ದರೆ ತೊಂದರೆ ಇಲ್ಲ. ಆದರೆ ಪ್ರತಿ ಅಂಗಡಿಯಲ್ಲೂ ಒಂದೊಂದು ಶುರುವಾದಾಗ, ಒಂದೊಂದರ ತಾರೀಕು ಬೇರೆ, ಎಲ್ಲಕ್ಕೂ ಸೇರಿ ಒಂದೇ ಬಿಲ್ ಅಂತ ಯಾರೂ ಕಳಿಸುವುದಿಲ್ಲ. ಒಂದು ತಪ್ಪಿದರೆ ದಂಡ. ಬೆಲೆಪಟ್ಟಿಯ ಕೆಳಗೆ ಪೂರ್ತಿ ಬೆಲೆಯ ಬದಲು ಕಂತಿನ ಅಂಕಿಯನ್ನು ದೊಡ್ಡದಾಗಿ ಬರೆಯುವುದು ಯಾಕೆ ಅಂತ ಯೋಚಿಸಿ. ಚಿಕ್ಕ ಅಂಕಿ ನೋವು ಕೊಡುವುದಿಲ್ಲ.

ಆ ನೋವು ನಿಜಕ್ಕೂ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ರಾಜೆನ್ ಪ್ರೆಲೆಕ್, ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಂದ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗೆ ಹರಾಜು ಕೂಗಿಸಿದರು. ಅರ್ಧ ಜನ ಗೆದ್ದರೆ ನಗದು ಕೊಡಬೇಕು, ಉಳಿದರ್ಧ ಜನ ಕಾರ್ಡ್‌ನಲ್ಲಿ. ಕಾರ್ಡ್ ಗುಂಪಿನವರು ಸರಾಸರಿಯಲ್ಲಿ ನಗದಿನವರ ಸುಮಾರು ಎರಡರಷ್ಟು ಕೂಗಿದರು. ಟಿಕೆಟ್ ಮಾತ್ರ ಅದೇ.

ಹಾಗಾಗಿ ಫೋನ್‌ನಲ್ಲಿ, ಬ್ರೌಸರ್‌ನಲ್ಲಿ ಉಳಿಸಿಟ್ಟಿರುವ ಕಾರ್ಡ್ ನಂಬರ್‌ಗಳನ್ನು ಜನವರಿ ಒಂದು ತಿಂಗಳ ಮಟ್ಟಿಗಾದರೂ ಅಳಿಸಿಬಿಡಿ. ಎದ್ದು ಹೋಗಿ, ಪರ್ಸ್ ಹುಡುಕಿ, ಹದಿನಾರು ಅಂಕಿ ಒತ್ತಬೇಕು ಅಂದಾಗ ಕಾರ್ಟ್‌ನಲ್ಲಿರುವ ಎಷ್ಟೋ ಸಾಮಾನುಗಳು ಅಷ್ಟೇನೂ ಬೇಕಾಗಿಲ್ಲ ಅಂತ ತಾನಾಗಿ ಗೊತ್ತಾಗುತ್ತದೆ. ಅಂಗಡಿಗೇ ಹೋಗುವುದಾದರೆ ಎಷ್ಟು ಖರ್ಚು ಅಂತ ತೀರ್ಮಾನಿಸಿ ಅಷ್ಟೇ ನಗದು ಒಯ್ಯಿರಿ. ಆಫರ್ ಮೆಸೇಜ್‌ಗಳ ನೋಟಿಫಿಕೇಶನ್ ಬಂದ್ ಮಾಡಿ. ಇನ್ನು ಎರಡೇ ಉಳಿದಿವೆ, 11 ನಿಮಿಷ ಬಾಕಿ ಅನ್ನುವ ಗಡಿಯಾರ ಕಂಡರೆ ಪುಟ ಮುಚ್ಚಿ ಮಾರನೇ ದಿನ ತೆರೆದು ನೋಡಿ. ಆಗಲೂ 11 ನಿಮಿಷವೇ ಬಾಕಿ ಇದ್ದರೆ ಗಡಿಯಾರ ಯಾರಿಗೋಸ್ಕರ ಓಡುತ್ತಿದೆ ಅಂತ ತಿಳಿಯಿತು.

ಪಟ್ಟಿ ಮಾಡುವುದಾದರೆ ಸಾಮಾನಿನ ಹೆಸರಷ್ಟೇ ಬರೆದರೆ ಪ್ರಯೋಜನ ಕಮ್ಮಿ. ಕೋಟು ಅಂತ ಬರೆದುಕೊಂಡು ಹೋದವರಿಗೆ ಅಂಗಡಿಯಲ್ಲಿರುವ ಎಲ್ಲ ಕೋಟುಗಳೂ ಪಟ್ಟಿಯಲ್ಲೇ ಇರುತ್ತವೆ. ಕಪ್ಪು, ಮಳೆ ತಡೆಯಬೇಕು, ಈ ಅಳತೆ, ಹೆಚ್ಚೆಂದರೆ ಇಷ್ಟು ಬೆಲೆ ಅಂತ ಬರೆಯಿರಿ. ಬೆಲೆಯನ್ನು ಬೋರ್ಡ್ ನೋಡುವ ಮುಂಚೆ ಬರೆಯಿರಿ. ಆಗ ಮೊದಲು ಕಂಡ ಅಂಕಿ ನಿಮ್ಮದೇ ಆಗಿರುತ್ತದೆ.

ಇನ್ನು ಮುಂದಿನ ಡಿಸೆಂಬರ್. 1909ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನ ಬ್ಯಾಂಕೊಂದು ಕ್ರಿಸ್‌ಮಸ್ ಕ್ಲಬ್ ಅಂತ ಒಂದು ಖಾತೆ ಶುರುಮಾಡಿತು. ಮೆರ್ಕೆಲ್ ಲ್ಯಾಂಡಿಸ್ ಅಲ್ಲಿನ ಖಜಾಂಚಿ. ವರ್ಷವಿಡೀ ಸ್ವಲ್ಪ ಸ್ವಲ್ಪ ಕಟ್ಟುವುದು, ರಜೆಗೆ ಮುಂಚೆ ಒಟ್ಟಿಗೆ ತೆಗೆಯುವುದು. ಆಮೇಲೆ ಅಮೆರಿಕದ ತುಂಬ ಬ್ಯಾಂಕ್‌ಗಳು ಇದನ್ನು ಅನುಸರಿಸಿದವು. ಈಗ ಅದಕ್ಕೆ ವಿಶೇಷ ಖಾತೆ ಬೇಕಾಗಿಲ್ಲ. ಜನವರಿಯಲ್ಲಿ ಬ್ಯಾಂಕ್ ಆ್ಯಪ್ ತೆರೆದು ಡಿಸೆಂಬರ್‌ನ ಪೂರ್ತಿ ಖರ್ಚು ಕೂಡಿಸಿದ್ದೀರಲ್ಲ, ಆ ಮೊತ್ತವನ್ನು ಹನ್ನೊಂದರಿಂದ ಭಾಗಿಸಿ. ಹನ್ನೆರಡರಿಂದ ಅಲ್ಲ, ಡಿಸೆಂಬರ್ ಶುರುವಾಗುವಾಗ ಹಣ ಕೈಯಲ್ಲಿರಬೇಕು. ಸಂಬಳ ಬಂದ ಮಾರನೇ ದಿನ ಅಷ್ಟು ಮೊತ್ತ ಬೇರೆ ಖಾತೆಗೆ ತಾನಾಗಿ ಹೋಗುವ ಹಾಗೆ ಹಾಕಿಡಿ. ಕಾರ್ಡ್‌ನಲ್ಲಿ ಬಾಕಿ ಇದ್ದರೆ ಮಾತ್ರ ಮೊದಲು ಅದನ್ನು ತೀರಿಸಿ, ಮಾರ್ಚ್‌ನಿಂದಲೋ ಏಪ್ರಿಲ್‌ನಿಂದಲೋ ಶುರುಮಾಡಿ. ಆಗ ಒಂಬತ್ತರಿಂದಲೋ ಎಂಟರಿಂದಲೋ ಭಾಗಿಸಬೇಕಾಗುತ್ತದೆ. ಆ ಅಂಕಿ ತೀರಾ ದೊಡ್ಡದು ಅನ್ನಿಸಿದರೆ ಉಡುಗೊರೆ ಕೊಡುವವರ ಪಟ್ಟಿ ಚಿಕ್ಕದು ಮಾಡುವ ಮಾತನ್ನು ಮನೆಯವರ ಜೊತೆ ಈಗಲೇ ಆಡಿ. ಡಿಸೆಂಬರ್ 10ಕ್ಕೆ ಆಡಿದರೆ ಯಾರಿಗೂ ಹಿಡಿಸುವುದಿಲ್ಲ.